ಹಳೇ ಶೇಪ್ ಕ್ಯಾಮ್ರಿ ತಗೊಳ್ಳಲಾ, ಹೊಸದಕ್ಕೆ ಹೋಗಲಾ? ಹಾಸನ, ಚಿಕ್ಕಮಗಳೂರಿನವರಿಗೆ ಎಂಟು ಹಂತ

ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ನನಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗಿದೆ. "ಜೀಪಿಗೆ ಯಾವ ಟೈರ್ ಹಾಕಿಸಲಿ" ಅಂತ ಕೇಳುತ್ತಿದ್ದವರು ಈಗ "ಬೆಂಗಳೂರಲ್ಲಿ ಒಂದು ಹಳೇ ಶೇಪ್ ಕ್ಯಾಮ್ರಿ ಇದೆ, ತಗೊಳ್ಳಲಾ?" ಅನ್ನುತ್ತಾರೆ. ಕ್ಯಾಮ್ರಿ ಅಂದರೆ ಟೊಯೋಟಾದ ದೊಡ್ಡ ಸೆಡಾನ್ ಕಾರು. ಅದರ ಹಿಂದೆಯೇ ಇನ್ನೆರಡು ಪ್ರಶ್ನೆ ಬರುತ್ತವೆ. ನಿಂತುಹೋದ ಮಾಡೆಲ್ ಅಲ್ವಾ, ಪಾರ್ಟ್ಸ್ ಸಿಗುತ್ತಾ? ಬ್ಯಾಟರಿ ಹೋದರೆ ಗತಿ ಏನು? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಪಾರ್ಟ್ಸ್ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. ಹೊಸ ಕ್ಯಾಮ್ರಿಯಲ್ಲಿರುವುದೂ ಹಳೆಯದರ ಜಾತಿಯ 2.5 ಲೀಟರ್ ಪೆಟ್ರೋಲ್ ಎಂಜಿನ್ನೇ. ಹಳೆಯದು ಜೋಡಣೆಯಾಗಿದ್ದೂ, ಹೊಸದು ಜೋಡಣೆಯಾಗುವುದೂ ನಮ್ಮ ಬಿಡದಿಯಲ್ಲೇ. ಫಿಲ್ಟರ್, ಬ್ರೇಕ್ ಪ್ಯಾಡ್‌ಗೆ ಪರದಾಡಬೇಕಿಲ್ಲ. ಹೆಡ್‌ಲೈಟ್, ಬಂಪರ್, ಗಾಜು ಮಾತ್ರ ಆರ್ಡರ್ ಕೊಟ್ಟು ಕಾಯಬೇಕಾಗಬಹುದು, ಬಿಲ್ಲೂ ಜೋರಾಗಿರುತ್ತದೆ. ಆದರೆ ಅದು ಹೊಸ ಶೇಪಿಗೂ ಅಷ್ಟೇ.

ಕಾರು ನೋಡಲು ಹೋಗುವಾಗ ಒಂದು ಟಾರ್ಚು, ಅಳತೆ ಟೇಪು, ಒಂದಿಷ್ಟು ಬಿಳಿ ಟಿಶ್ಯೂ ಪೇಪರ್ ಇಟ್ಟುಕೊಳ್ಳಿ. ಜೊತೆಗೆ, ಆ ಕಾರಿನ ಮೇಲೆ ಆಸೆ ಇಲ್ಲದ ಒಬ್ಬ ಸ್ನೇಹಿತನನ್ನು ಕರೆದುಕೊಂಡು ಹೋಗಿ.

ಹಂತ 1: ಯಾವ ಕ್ಯಾಮ್ರಿ ಅಂತ ಗುರುತು ಹಿಡಿಯಿರಿ

"ಹಳೇ ಶೇಪ್" ಅಂದಾಗ ಬ್ರೋಕರ್ ಒಂದು ಹೇಳುತ್ತಾನೆ, ನೀವು ಇನ್ನೊಂದು ಅಂದುಕೊಳ್ಳುತ್ತೀರಿ. ಮಾರ್ಕೆಟ್ಟಿನಲ್ಲಿ ಓಡಾಡುತ್ತಿರುವುದು ಮುಖ್ಯವಾಗಿ ಮೂರು.

ಮೊದಲನೆಯದು 2013ರ ಆಗಸ್ಟ್‌ನಲ್ಲಿ ಬಂದ ಹೈಬ್ರಿಡ್. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟ್ ಮೋಟರ್ರೂ ಇರುವ ಕಾರು. ಪ್ಲಗ್ ಹಾಕಿ ಚಾರ್ಜ್ ಮಾಡುವ ಕೆಲಸ ಇಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಬರುವಾಗ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುತ್ತದೆ. ಈ ಶೇಪಿನಲ್ಲಿ ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಬೆನ್ನ ಹಿಂದಿದೆ, ಹಾಗಾಗಿ ಡಿಕ್ಕಿ ಚಿಕ್ಕದು. ಇದೇ ಶೇಪಿನಲ್ಲಿ ಹೈಬ್ರಿಡ್ ಅಲ್ಲದ ಬರೀ ಪೆಟ್ರೋಲ್ ಕಾರುಗಳೂ ಇವೆ. ಅದನ್ನು ಹೈಬ್ರಿಡ್ ರೇಟಿಗೆ ಕೊಳ್ಳಬೇಡಿ.

ಎರಡನೆಯದು 2019ರ ಜನವರಿಯಲ್ಲಿ ಬಂದು 2024ರ ಕೊನೆಯವರೆಗೆ ಮಾರಾಟವಾದದ್ದು. ಎಲ್ಲರೂ ಕೇಳುತ್ತಿರುವುದು ಇದನ್ನೇ. ಎಂಜಿನ್, ಮೋಟರ್ ಸೇರಿ 218 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ. ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಹೋಯಿತು, ಡಿಕ್ಕಿ ದೊಡ್ಡದಾಯಿತು. 2022ರ ಜನವರಿಯಲ್ಲಿ ಮುಖ ಸ್ವಲ್ಪ ಬದಲಾಗಿ 9 ಇಂಚಿನ ಸ್ಕ್ರೀನ್ ಬಂತು.

ಮೂರನೆಯದು ಇದರ ಜಾಗಕ್ಕೆ 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ಕ್ಯಾಮ್ರಿ. ಬಂದಾಗ ಎಕ್ಸ್‌ಶೋರೂಂ 48 ಲಕ್ಷ. 230 ಪಿಎಸ್. ಹಳೆಯದರಲ್ಲಿದ್ದ ನಿಕಲ್ ಬ್ಯಾಟರಿ ಬದಲು ಲಿಥಿಯಂ ಬ್ಯಾಟರಿ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 25.49 ಕಿ.ಮೀ. ಆ ಮೈಲೇಜನ್ನು ಘಾಟಿಯಲ್ಲಿ ಹುಡುಕಬೇಡಿ.

ಇನ್ನೊಂದು ಕೊಕ್ಕೆ ಇದೆ, ಬಹಳ ಜನ ಇಲ್ಲೇ ಎಡವುತ್ತಾರೆ. "ಬ್ಯಾಟರಿಗೆ 8 ವರ್ಷ ವಾರಂಟಿ ಸಾರ್" ಅಂತ 2019ರ ಕಾರು ತೋರಿಸಿ ಹೇಳುತ್ತಾರೆ. ಟೊಯೋಟಾ ಹೈಬ್ರಿಡ್ ಬ್ಯಾಟರಿಯ ವಾರಂಟಿಯನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಯಿಂದ 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಏರಿಸಿದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು ಮಾರಾಟವಾದ ಕಾರಿಗೆ ಈ 8 ವರ್ಷ ತಾನಾಗಿಯೇ ಅಂಟಿಕೊಳ್ಳುವುದಿಲ್ಲ. ಚಾಸಿ ನಂಬರ್ ಕೊಟ್ಟು ಸರ್ವೀಸ್ ಸೆಂಟರಿನಲ್ಲಿ ಕೇಳಿ, ವಾರಂಟಿ ಮುಗಿಯುವ ತಾರೀಖು ಬರೆಸಿಕೊಳ್ಳಿ. ನನ್ನನ್ನು ಕೇಳಿದರೆ, ಹಳೇ ಶೇಪಿನಲ್ಲಿ 2022ರಿಂದ ಈಚೆಗಿನದನ್ನು ಮಾತ್ರ ನೋಡಿ. ಒಂದಿಷ್ಟು ದುಡ್ಡು ಜಾಸ್ತಿ ಹೋಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ.

ಹಂತ 2: ಕಾರು ನೋಡುವ ಮೊದಲು ನಿಮ್ಮ ದಾರಿ ಅಳೆಯಿರಿ

ಟಾರ್ ರಸ್ತೆ ಬಿಟ್ಟು ತೋಟದ ಮನೆಗೆ ಹೋಗುವ ದಾರಿ ಹೇಗಿದೆ? ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡು ಜಾಡು ಬಿದ್ದಿರುತ್ತವೆ, ನಡುವೆ ಹುಲ್ಲು ಬೆಳೆದ ದಿಬ್ಬ. ಸೆಡಾನ್ ಕಾರಿನ ಹೊಟ್ಟೆ ತಾಗುವುದು ಅಲ್ಲೇ. ದಿಬ್ಬ ಎತ್ತರವಾಗಿರುವ ಜಾಗದಲ್ಲಿ ಒಂದು ನೇರ ಕೋಲನ್ನು ಅಡ್ಡ ಇಡಿ. ಕೋಲಿನಿಂದ ಜಾಡಿನ ತಳದವರೆಗೆ ಟೇಪು ಹಿಡಿಯಿರಿ. 5 ಇಂಚು ದಾಟಿದರೆ, ಐದು ಜನ ಕೂತ ಕ್ಯಾಮ್ರಿ ಅಲ್ಲಿ ಕೆರೆದುಕೊಂಡು ಹೋಗುತ್ತದೆ ಅಂತಲೇ ಲೆಕ್ಕ. ಜೂನ್, ಜುಲೈ ಮಳೆಗೆ ಜಾಡು ಇನ್ನೂ ಆಳವಾಗುತ್ತದೆ. ಬೇಸಿಗೆಯಲ್ಲಿ ಅಳೆದು ಖುಷಿಪಡಬೇಡಿ.

ದಿಬ್ಬ ಕೆತ್ತಿಸಿ ಜಲ್ಲಿ ಹಾಕಿಸಲು ಆಗುತ್ತದಾ? ಹಾಕಿಸಿ, ಆಮೇಲೆ ಮುಂದಿನ ಹಂತಕ್ಕೆ ಬನ್ನಿ. ಆಗಲ್ಲ ಅಂದರೆ ಕಾರನ್ನು ಹಾಸನದ ಮನೆಯಲ್ಲೋ ಚಿಕ್ಕಮಗಳೂರಿನ ಮನೆಯಲ್ಲೋ ನಿಲ್ಲಿಸಿ, ತೋಟಕ್ಕೆ ಜೀಪಿನಲ್ಲೇ ಹೋಗಿ. ಎರಡೂ ಬೇಡ ಅನ್ನುವವರು ಎಸ್‌ಯುವಿ ನೋಡುವುದು ಒಳ್ಳೆಯದು. ಬೇಜಾರಾಗಬೇಡಿ.

ಹಂತ 3: ಕಾಗದ ಮೊದಲು, ಕಾರು ಆಮೇಲೆ

ಫೋಟೋ ನೋಡಿ ಮನಸ್ಸು ಕೊಟ್ಟ ಮೇಲೆ ಕಾಗದದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಹೊರಡುವ ಮೊದಲೇ ಆರ್‌ಸಿ, ಇನ್ಶೂರೆನ್ಸ್ ಎರಡರ ಪ್ರತಿ ತರಿಸಿಕೊಳ್ಳಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ತಾಳೆ ನೋಡಿ.

ಹೈಪೋಥಿಕೇಶನ್ ಅಂತ ಕಂಡರೆ ಕಾರಿನ ಮೇಲೆ ಬ್ಯಾಂಕಿನ ಸಾಲ ಇದೆ ಅಂತ ಅರ್ಥ. "ಸಾಲ ತೀರಿದೆ, ಹೆಸರು ತೆಗೆಸಿಲ್ಲ ಅಷ್ಟೇ" ಅನ್ನುತ್ತಾರೆ. ಬ್ಯಾಂಕಿನ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸಲು ಬೇಕಾದ, ಸಹಿ ಮಾಡಿದ ಫಾರಂ 35 ಕೈಗೆ ಬರುವವರೆಗೆ ಆ ಮಾತು ಬರೀ ಮಾತು. ಬೆಂಗಳೂರಿನ ಕಾರಾದರೆ ಟ್ರಾಫಿಕ್ ದಂಡ ಎಷ್ಟು ಬಾಕಿ ಇದೆ ಅಂತಲೂ ನೋಡಿ.

ಈಗ ಬೇರೆ ರಾಜ್ಯದ ಕಾರು. ದೆಹಲಿ ಕಡೆಯ ಕ್ಯಾಮ್ರಿ ನಮ್ಮ ಕಡೆಗಿಂತ ಅಗ್ಗ ಕಾಣುತ್ತದೆ. ಇಲ್ಲಿ ಒಂದು ಲೆಕ್ಕ ಹಾಕಿ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಮೇಲಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಹೊರ ರಾಜ್ಯದ ಹಳೇ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದ ಅಲ್ಲ, ಕಾರಿನ ಮೂಲ ಬೆಲೆಯಿಂದ. ಹೊಸದಾಗಿದ್ದಾಗ 37 ಲಕ್ಷದ ಕಾರು ಅಂದುಕೊಳ್ಳಿ. ಶೇ. 18 ಅಂದರೆ 6.66 ಲಕ್ಷ. ರಿಯಾಯಿತಿ ಕಳೆದರೂ ಕಟ್ಟುವುದು ಲಕ್ಷಗಳಲ್ಲೇ. ಜೊತೆಗೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ, ಅಂದರೆ ಫಾರಂ 28, ಬೇಕು. ಅದರಲ್ಲಿ ಯಾವ ಆರ್‌ಟಿಒಗೆ ಅಂತ ಬರೆದಿರುತ್ತದೆ. ಹಾಸನದವರಿಗೆ ಕೆಎ-13, ಚಿಕ್ಕಮಗಳೂರಿಗೆ ಕೆಎ-18, ಸಕಲೇಶಪುರದವರಿಗೆ ಕೆಎ-46. ಬ್ರೋಕರ್ ಸುಮ್ನೆ ಬೆಂಗಳೂರು ಅಂತ ಬರೆಸಿಬಿಟ್ಟರೆ ಆಮೇಲೆ ಅಲೆಯುವುದು ನೀವು. ಉಳಿಯುವ ದುಡ್ಡಿಗೆ ಈ ತಲೆನೋವು ಬೇಡ ಅನ್ನುವುದು ನನ್ನ ಲೆಕ್ಕ. ಕೆಎ ನಂಬರಿನ ಕಾರನ್ನೇ ಹುಡುಕಿ.

ಹಂತ 4: ನೀರು ಕುಡಿದ ಕಾರಾ?

ಮಿಕ್ಕ ಎಲ್ಲ ಪರೀಕ್ಷೆಗಿಂತ ಇದು ಮೊದಲು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನಿಂತಾಗ ಎಷ್ಟು ದೊಡ್ಡ ಕಾರುಗಳು ಮುಳುಗಿದವು ಅಂತ ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. ಹಾಗೆ ಮುಳುಗಿದ ಕಾರನ್ನು ತೊಳೆದು, ಒಣಗಿಸಿ, ಸೀಟ್ ಕವರ್ ಬದಲಾಯಿಸಿ ದೂರದ ಊರಿನವರಿಗೆ ಮಾರುವುದು ಹಳೇ ಆಟ. ಬೇರೆ ಕಾರಾದರೆ ಕಾರ್ಪೆಟ್, ವೈರಿಂಗ್ ಹಾಳು. ಇದರಲ್ಲಿ ಹೈಬ್ರಿಡ್ ಬ್ಯಾಟರಿಯೇ ಹಿಂದಿನ ಸೀಟಿನ ಕೆಳಗಿದೆ. ಸೀಟಿನ ಮಟ್ಟಕ್ಕೆ ನೀರು ಬಂದಿತ್ತು ಅಂದರೆ ಆ ಕಾರು ನಿಮಗಲ್ಲ.

ಪತ್ತೆ ಮಾಡುವುದು ಹೀಗೆ. ಐದೂ ಸೀಟ್ ಬೆಲ್ಟುಗಳನ್ನು ಪೂರ್ತಿ ಎಳೆಯಿರಿ, ಕೊನೆಯ ಒಂದು ಗೇಣು ಹೊರಗೆ ಬರುವವರೆಗೆ. ಸೀಟು ತೊಳೆದವರು ಬೆಲ್ಟಿನ ಬುಡ ತೊಳೆಯುವುದನ್ನು ಮರೆಯುತ್ತಾರೆ. ಟಿಶ್ಯೂನಿಂದ ಅಲ್ಲಿ ಒರೆಸಿ. ಕೆಂಪೋ ಬೂದೋ ಕೆಸರು ಬಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಮುಂದಿನ ಸೀಟಿನ ಕೆಳಗೆ ಟಾರ್ಚು ಬಿಡಿ. ಸೀಟು ಕೂರಿಸಿದ ಬೋಲ್ಟು ತುಕ್ಕು ಹಿಡಿದಿದೆಯಾ, ಅಥವಾ ಸೀಟು ಹಳೆಯದಾಗಿ ಬೋಲ್ಟು ಮಾತ್ರ ಫಳಫಳ ಹೊಸದಾ? ಎರಡೂ ಅನುಮಾನವೇ. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿಯ ತಳ ಮುಟ್ಟಿ ನೋಡಿ. ಕಾರೊಳಗೆ ಮಲ್ಲಿಗೆ, ನಿಂಬೆ ಸ್ಪ್ರೇ ಗಮಗಮ ಅಂತಿದ್ದರೆ ಗಾಜು ಮುಚ್ಚಿಸಿ, ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಬಾಗಿಲು ತೆಗೆದು ಮೂಗು ಒಡ್ಡಿ. ಮುಗ್ಗಲು ವಾಸನೆ ಸ್ಪ್ರೇಗೆ ಬಗ್ಗುವುದಿಲ್ಲ.

ಹಂತ 5: ಬ್ಯಾಟರಿ, ಬ್ರೇಕು, ಮೀಟರು

ಹಿಂದಿನ ಸೀಟಿನ ಮುಂಭಾಗದಲ್ಲಿ, ಕಾಲಿಡುವ ಜಾಗದ ಹತ್ತಿರ, ಜಾಲರಿಯಂಥ ಕಿಂಡಿಗಳಿವೆ. ಬ್ಯಾಟರಿ ತಣ್ಣಗಾಗಲು ಗಾಳಿ ಎಳೆಯುವುದು ಅಲ್ಲಿಂದ. ಒಂದು ಕಾರಿನಲ್ಲಿ ಆ ಕಿಂಡಿ ನಾಯಿ ಕೂದಲಿನಿಂದ ಕಂಬಳಿಯಂತೆ ಮುಚ್ಚಿಹೋಗಿದ್ದನ್ನು ನೋಡಿದ್ದೇನೆ. ಓನರ್‌ಗೆ ಅದು ಏಸಿ ಕಿಂಡಿ ಅನ್ನುವ ನಂಬಿಕೆ. ಗಾಳಿ ಸಿಗದೆ ಬಿಸಿಯಾದ ಬ್ಯಾಟರಿಗೆ ಆಯಸ್ಸು ಕಡಿಮೆ. ಟಾರ್ಚು ಹಾಕಿ ನೋಡಿ, ಧೂಳು ಕಟ್ಟಿದ್ದರೆ ಒಳಗಿನ ಫ್ಯಾನಿನ ಸ್ಥಿತಿಯನ್ನೂ ಊಹಿಸಿಕೊಳ್ಳಿ.

ಬ್ಯಾಟರಿಯ ನಿಜವಾದ ಆರೋಗ್ಯ ಹೇಳುವುದು ಸರ್ವೀಸ್ ಸೆಂಟರಿನ ಸ್ಕ್ಯಾನರ್. ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿ, ಪ್ರಿಂಟ್ ತಗೊಳ್ಳಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬಂದುಬಿಡಿ. ನೀವೇ ನೋಡಬಹುದಾದದ್ದೂ ಒಂದಿದೆ. ಮೀಟರಿನಲ್ಲಿ ಬ್ಯಾಟರಿ ಚಿತ್ರ ಇರುತ್ತದೆ. ಸಮತಟ್ಟು ರಸ್ತೆಯಲ್ಲಿ ಅದರ ಗೆರೆಗಳು ಸರಸರ ಇಳಿದು ಸರಸರ ಏರುತ್ತಿದ್ದರೆ ಬ್ಯಾಟರಿ ಸೊರಗಿದೆ ಅಂತ ಅರ್ಥ.

ಬ್ರೇಕ್ ಪ್ಯಾಡ್ ತೋರಿಸಿ "ನೋಡಿ ಸಾರ್, ಎಷ್ಟು ದಪ್ಪ ಇದೆ, ಕಾರು ಓಡೇ ಇಲ್ಲ" ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. ಹೈಬ್ರಿಡ್‌ನಲ್ಲಿ ವೇಗ ತಗ್ಗಿಸುವ ಅರ್ಧ ಕೆಲಸ ಮೋಟರ್ರೇ ಮಾಡುತ್ತದೆ. ಲಕ್ಷ ಕಿ.ಮೀ. ಓಡಿದರೂ ಪ್ಯಾಡ್ ಉಳಿದಿರಬಹುದು. ಮೀಟರ್ ತಿರುಗಿಸಿದ್ದಾರಾ ಅಂತ ತಿಳಿಯಲು ಸರ್ವೀಸ್ ದಾಖಲೆ ನೋಡಿ. ಜೊತೆಗೆ ಹಿಂದಿನ ಸೀಟನ್ನೂ ನೋಡಿ. ಇಂಥ ಕಾರುಗಳಲ್ಲಿ ಡ್ರೈವರ್ ಮುಂದೆ, ಓನರ್ ಹಿಂದೆ. ಹಿಂದೆ ಎಡಗಡೆ ಸೀಟಿನ ಲೆದರ್ ನೆರಿಗೆ, ಸೀಟು ಒರಗಿಸುವ ಸ್ವಿಚ್ಚಿನ ಸವೆತ ಸುಳ್ಳು ಹೇಳುವುದಿಲ್ಲ. 30 ಸಾವಿರ ಓಡಿದ ಕಾರಿನ ಸ್ವಿಚ್ಚಿನ ಮೇಲಿನ ಗುರುತು ಯಾಕೆ ಅಳಿಸಿದೆ ಅಂತ ಕೇಳಿ.

ಬಾನೆಟ್ ಎತ್ತಿದಾಗ ಕೂಲಂಟ್ ಡಬ್ಬಿ ಒಂದಲ್ಲ, ಎರಡು ಕಾಣಬೇಕು. ಚಿಕ್ಕದು ಇನ್ವರ್ಟರ್‌ದು. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬೇಕಾದ ರೀತಿ ಬದಲಾಯಿಸುವ ಪೆಟ್ಟಿಗೆಗೆ ಇನ್ವರ್ಟರ್ ಅನ್ನುತ್ತಾರೆ. ಎರಡರಲ್ಲೂ ಮಟ್ಟ ಸರಿ ಇರಬೇಕು. ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ನೀವೂ ಮುಟ್ಟಬೇಡಿ, ನಿಮ್ಮ ಮೆಕ್ಯಾನಿಕ್ಕಿಗೂ ಮುಟ್ಟಲು ಬಿಡಬೇಡಿ. ಅದರಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವೋಲ್ಟೇಜ್.

ಹಂತ 6: ಘಾಟಿ ಹತ್ತಿಸಿ, ಇಳಿಸಿ

ಲೇಔಟಿನಲ್ಲಿ ಒಂದು ರೌಂಡ್ ಹೊಡೆದರೆ ಎಲ್ಲ ಕ್ಯಾಮ್ರಿಯೂ ಬೆಣ್ಣೆಯೇ. ಕಾರು ನಮ್ಮ ಕಡೆ ಇದ್ದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ವಾಪಸ್ ಹತ್ತಿ. ಸಕಲೇಶಪುರದವರಿಗೆ ಶಿರಾಡಿ ಇದೆ. ಬೆಂಗಳೂರಿನ ಕಾರಾದರೆ ನಂದಿ ಬೆಟ್ಟಕ್ಕಾದರೂ ಕರೆದೊಯ್ಯಿರಿ, ಪೆಟ್ರೋಲ್ ನಿಮ್ಮದು.

ಹತ್ತುವಾಗ ಎಂಜಿನ್ ಒಂದೇ ಸಮ ಕೂಗುತ್ತದೆ, ವೇಗ ಮಾತ್ರ ನಿಧಾನಕ್ಕೆ ಏರುತ್ತದೆ. ಇದರಲ್ಲಿ ಮಾಮೂಲಿ ಗೇರುಗಳಿಲ್ಲ, ಕ್ಲಚ್ ಸವೆದಂತೆ ಅನ್ನಿಸಿದರೂ ಅದು ದೋಷವಲ್ಲ. ಇಳಿಯುವಾಗ ಇನ್ನೊಂದು ತಮಾಷೆ. ನಾಲ್ಕಾರು ತಿರುವು ಬ್ರೇಕ್ ಒತ್ತುತ್ತಾ ಬಂದರೆ ಬ್ಯಾಟರಿ ತುಂಬಿಬಿಡುತ್ತದೆ. ತುಂಬಿದ ಮೇಲೆ ಮೋಟರ್ ಕರೆಂಟನ್ನು ಎಲ್ಲಿಗೆ ಕಳಿಸಬೇಕು? ಆಗ ಕಾರು ಎಂಜಿನ್ನನ್ನು ಗಿರ್ರನೆ ತಿರುಗಿಸಿ ವೇಗ ಹಿಡಿಯುತ್ತದೆ. ನೀವು ಆಕ್ಸಿಲರೇಟರ್ ಮುಟ್ಟಿಯೇ ಇಲ್ಲ, ಎಂಜಿನ್ ಮಾತ್ರ ಭೋರ್ ಅನ್ನುತ್ತದೆ. ಮೊದಲ ಸಲ ಕೇಳಿದವರು ಗಾಬರಿಯಾಗಿ ಕಾರು ಪಕ್ಕಕ್ಕೆ ಹಾಕುತ್ತಾರೆ. ಗಾಬರಿ ಬೇಡ. ಇಳಿಜಾರು ಶುರುವಾಗುವಾಗಲೇ ಲಿವರನ್ನು, ಮಾಡೆಲ್ ನೋಡಿಕೊಂಡು, 'ಎಸ್' ಅಥವಾ 'ಬಿ'ಗೆ ಹಾಕಿ. ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ಇದ್ದರೆ ಇಲ್ಲಿಗೆ ಬಿಡಿ.

ದೋಷ ಅಂದರೆ ಇವು: ತಿರುವಿನಲ್ಲಿ ಮುಂದಿನ ಚಕ್ರದ ಕಡೆ ಕಟಕಟ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಕ, ಹೈಬ್ರಿಡ್ ಸಿಸ್ಟಂ ಪರೀಕ್ಷಿಸಿ ಅನ್ನುವ ಎಚ್ಚರಿಕೆ, ಏಸಿ ಕಮ್ಮಿ ಇಟ್ಟರೂ ಹಿಂದಿನಿಂದ ಫ್ಯಾನಿನ ಬುಸ್ ಸದ್ದು.

ಹಂತ 7: ಹಾಗಾದರೆ ಹೊಸದು ಯಾರಿಗೆ?

ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿ ಬರುವವರಿಗೆ. ಹೊಸ ಕಾರಿನಲ್ಲಿ ರಾಡಾರ್ ಇದೆ, ಮುಂದಿನ ವಾಹನ ನೋಡಿ ತಾನೇ ವೇಗ ಹೊಂದಿಸುತ್ತದೆ, ಪಥ ಬಿಟ್ಟರೆ ಎಚ್ಚರಿಸುತ್ತದೆ. ಹಾಸನದಿಂದ ನೆಲಮಂಗಲದವರೆಗೆ ಇದು ಕಾಲಿಗೆ ಸುಖ. ಅದೇ ಆಲ್ದೂರು, ಮೂಡಿಗೆರೆ ಕಡೆಯ ತೋಟದ ರಸ್ತೆಯಲ್ಲಿ ಬಿಳಿ ಗೆರೆ ಎಲ್ಲಿದೆ ಹುಡುಕಲು? ದನ ಅಡ್ಡ ಬಂದಾಗ ನಿಮ್ಮ ಕಾಲೇ ಬ್ರೇಕಿನ ಮೇಲಿರಬೇಕು. ಅಂಥ ಕಡೆಯೇ ಜಾಸ್ತಿ ಓಡಾಡುವವರು ಈ ಸೌಲಭ್ಯಕ್ಕೆ ಅಂತ ಹಲವು ಲಕ್ಷ ಜಾಸ್ತಿ ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಹಿಂದಿನ ಸೀಟಿನ ಸುಖ ಎರಡರಲ್ಲೂ ಇದೆ. ಎರಡರಲ್ಲೂ 9 ಏರ್‌ಬ್ಯಾಗ್. ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ, ಪೂರ್ತಿ ವಾರಂಟಿ ನನ್ನ ಹೆಸರಲ್ಲೇ ಇರಲಿ ಅನ್ನುವವರು ಹೊಸದಕ್ಕೇ ಹೋಗಿ. ಅದೂ ತಪ್ಪಲ್ಲ.

ಹಂತ 8: ದುಡ್ಡು, ಹೆಸರು, ಶೆಡ್ಡು

ಕೊಯ್ಲು ಮುಗಿದ ಹೊಸದರಲ್ಲಿ ಕೈಯಲ್ಲಿ ನಗದು ಇರುತ್ತದೆ. ಆದರೆ ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಮೂಲಕವೇ ಕೊಡಿ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಕೊಡಿ.

ಹೆಸರು ಬದಲಾವಣೆಗೆ ಫಾರಂ 29, ಫಾರಂ 30. "ಆರ್‌ಟಿಒ ಕೆಲಸ ನಾವು ನೋಡ್ಕೋತೀವಿ" ಅಂದರೂ ಸಹಿ ಆದ ಪ್ರತಿ ನಿಮ್ಮ ಹತ್ತಿರ ಇರಲಿ. ಇನ್ಶೂರೆನ್ಸ್ ಅನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಓನರ್‌ನ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಅವರದ್ದೇ. ಅದು ನಿಮಗೆ ಬರುವುದಿಲ್ಲ. ಪಾಲಿಸಿ ಮಾಡಿಸುವಾಗ ಎರಡು ಪ್ರಶ್ನೆ ಕೇಳಿ: ಹೈಬ್ರಿಡ್ ಬ್ಯಾಟರಿಗೆ ಕವರ್ ಇದೆಯಾ? ಇಲಿ ಕಡಿದರೆ ಇದೆಯಾ? ಉತ್ತರ ಬರಹದಲ್ಲಿ ಬೇಕು.

ಇಲಿ ಅಂದರೆ ತಮಾಷೆ ಅಲ್ಲ. ಭತ್ತದ ಮೂಟೆ, ಹಿಂಡಿ ಇಡುವ ಶೆಡ್ಡಿನಲ್ಲಿ ಕಾರು ನಿಲ್ಲಿಸಿದರೆ ಮಳೆಗಾಲದಲ್ಲಿ ಬಾನೆಟ್ ಕೆಳಗಿನ ಬೆಚ್ಚಗಿನ ಜಾಗ ಅವಕ್ಕೆ ಬಾಣಂತಿ ಕೋಣೆ. ಮೂಟೆ ಬೇರೆ ಕಡೆ ಇಡಿ, ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡಿ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವ ಪಂಪಿನಲ್ಲಿ ಕಾರು ತೊಳೆಯುವವರೂ ಇದ್ದಾರೆ. ಡ್ರಮ್ಮಿನಲ್ಲಿ ಉಳಿದ ಮೈಲುತುತ್ತ ಪೇಂಟಿಗೆ ಒಳ್ಳೆಯದಲ್ಲ, ಆ ರಭಸ ಎಂಜಿನ್ ಕೋಣೆಯ ಕನೆಕ್ಟರುಗಳಿಗೂ ಒಳ್ಳೆಯದಲ್ಲ.

2023ರ ಏಪ್ರಿಲ್‌ಗಿಂತ ಮೊದಲಿನ ಕಾರಾದರೆ, ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಹೊಂದುತ್ತದಾ ಅಂತ ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಎಥನಾಲ್ ನೀರಿನ ಪಸೆ ಹೀರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಒಂದೇ ಪೆಟ್ರೋಲ್ ಟ್ಯಾಂಕಿನಲ್ಲಿ ಕೊಳೆಯಲು ಬಿಡಬೇಡಿ.

ಕೊನೆಯದಾಗಿ, ಮಳೆಗಾಲದಲ್ಲಿ ನನಗೆ ಅತಿ ಜಾಸ್ತಿ ಬರುವ ಫೋನು: "ಎರಡು ವಾರ ನಿಲ್ಲಿಸಿದ್ದೆ, ಬಟನ್ ಒತ್ತಿದರೆ ಲೈಟೇ ಬರ್ತಿಲ್ಲ, ದೊಡ್ಡ ಬ್ಯಾಟರಿ ಹೋಯ್ತಾ?" ಸಾಮಾನ್ಯವಾಗಿ ಹೋಗಿರುವುದು ದೊಡ್ಡದಲ್ಲ, ಡಿಕ್ಕಿಯಲ್ಲಿರುವ 12 ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ. ರಿಮೋಟಿನೊಳಗೆ ಅಡಗಿರುವ ಲೋಹದ ಕೀ ಎಳೆದು ಬಾಗಿಲು ತೆಗೆಯಿರಿ, ಇನ್ನೊಂದು ಬ್ಯಾಟರಿಯಿಂದ ಜಂಪ್ ಕೊಡುವ ಜಾಗ ಎಲ್ಲಿ ಅಂತ ಕೈಪಿಡಿಯ ಚಿತ್ರ ನೋಡಿಯೇ ಕೇಬಲ್ ಹಾಕಿ. ಹಾಗಾಗದಿರಲು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕಾರನ್ನು 'ರೆಡಿ' ಸ್ಥಿತಿಯಲ್ಲಿ ಇಡಿ. ಎಂಜಿನ್ ತಾನೇ ಶುರುವಾಗಿ ತಾನೇ ನಿಲ್ಲುತ್ತಿರುತ್ತದೆ, ಆ ಹೊಗೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಇದನ್ನು ಮಾಡಲೇಬೇಡಿ, ಹೊರಗೆ ತಂದು ನಿಲ್ಲಿಸಿ. ರಿಮೋಟ್ ಕೀಯನ್ನು ಶೆಡ್ಡಿನ ಮೊಳೆಗೆ ನೇತುಹಾಕುವ ಅಭ್ಯಾಸವನ್ನೂ ಬಿಡಿ. ಕೀ ಹತ್ತಿರ ಇದ್ದಷ್ಟು ಹೊತ್ತೂ ಕಾರು ಅದರ ಜೊತೆ ಮಾತಾಡುತ್ತಾ ಆ ಚಿಕ್ಕ ಬ್ಯಾಟರಿಯನ್ನೇ ತಿನ್ನುತ್ತಿರುತ್ತದೆ. ಮನೆಯೊಳಗೆ, ಗೋಡೆಯ ಆಚೆ ಬದಿಯ ಮೊಳೆಗೆ ಹಾಕಿ.